ಪದ ಬೇಕು: ಹಿಟ್ಲರ್ ಅಧಿಕಾರ ಹಿಡಿದನೋ, ಅವನಿಗೆ ಸಿಕ್ಕಿತೋ?

ಗೆಳೆಯರೇ, ಕಾಲೇಜಿನ ವಸ್ತುಪ್ರದರ್ಶನಕ್ಕೆ 1933ರ ಜರ್ಮನಿಯ ಫಲಕ ಬರೆಯುತ್ತಿದ್ದೇನೆ. ನಾಳೆ ಪ್ರಿಂಟಿಗೆ ಹೋಗಬೇಕು. ಜರ್ಮನ್ನರ 'ಮಾಖ್ಟ್‌ಎರ್‌ಗ್ರೈಫುಂಗ್' ಪದಕ್ಕೆ (ಹಿಟ್ಲರ್ ಅಧಿಕಾರಕ್ಕೆ ಬಂದದ್ದಕ್ಕೆ ಅವರಿಟ್ಟ ಹೆಸರು) 'ಅಧಿಕಾರ ಗ್ರಹಣ' ಎಂದು ಬರೆದಿದ್ದೆ. ಓದಿದವರೊಬ್ಬರು "ಪ್ರಮಾಣವಚನವಾ?" ಎಂದು ಕೇಳಿದರು. ಬೇರೆ ಪದ ಹೇಳಿ. ಜಾಗ ಕಡಿಮೆ, ಎರಡು ಪದ ಸಾಕು.

ಮರುಓಲೆ:
ಗ್ರಹಣ ಬೇಡ. ಯಾರಾದರೂ 'ಕಬಳಿಕೆ' ಅನ್ನುತ್ತಾರೆ, ಅದೂ ಬೇಡ. ಕಬಳಿಸುವವನು ಇನ್ನೊಬ್ಬರ ತಟ್ಟೆಗೆ ಕೈ ಹಾಕುತ್ತಾನೆ. ಇಲ್ಲಿ ಕರೆದು ಬಡಿಸಿದವರಿದ್ದರು. 1932ರ ಜುಲೈನಲ್ಲಿ ಶೇ 37 ಇದ್ದ ನಾಜಿಗಳ ಮತ ನವೆಂಬರ್‌ನಲ್ಲಿ 33ಕ್ಕೆ ಇಳಿದಿತ್ತು. ಆದರೂ ಜನವರಿ 30ರಂದು ಅಧ್ಯಕ್ಷ ಹಿಂಡನ್‌ಬರ್ಗ್ ಹಿಟ್ಲರನನ್ನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಮಾಡಿದರು. ಅವರನ್ನು ಒಪ್ಪಿಸಿದ್ದು ಮಾಜಿ ಚಾನ್ಸಲರ್ ಪಾಪೆನ್. ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂವರೇ, ಹಿಡಿತದಲ್ಲಿಡಬಹುದು ಅನ್ನುವುದು ಪಾಪೆನ್ ಲೆಕ್ಕ.

ನಮ್ಮ ಮಾತು 'ದಕ್ಕು'. ಸಿಕ್ಕಿದ್ದೆಲ್ಲ ದಕ್ಕುವುದಿಲ್ಲ, ಅಲ್ವಾ? ಉಂಡದ್ದು ಹೊಟ್ಟೆಯಲ್ಲಿ ನಿಂತರೆ ದಕ್ಕಿತು. ಕೂಸು ಬದುಕಿದರೆ ದಕ್ಕಿತು. ಜನವರಿಯಲ್ಲಿ ಸಿಕ್ಕಿದ್ದನ್ನು ಅವನು ಎಂಟು ವಾರದೊಳಗೆ ದಕ್ಕಿಸಿಕೊಂಡ. ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಮಾತು, ಪತ್ರಿಕೆ, ಸಭೆಗಳ ಸ್ವಾತಂತ್ರ್ಯ ಹೋಯಿತು. ಮಾರ್ಚ್ 23ರಂದು ಸಂಸತ್ತೇ 444–94 ಮತದಿಂದ ಕಾನೂನು ಮಾಡುವ ಹಕ್ಕನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿತು.

ಮರುಓಲೆ:
ಒಪ್ಪಲಾರೆ. 'ದಕ್ಕು' ಅಂದರೆ ನ್ಯಾಯವಾಗಿ ಪಾಲಿಗೆ ಬಂದದ್ದು. ಅವನಿಗೆ ಆ ಮರ್ಯಾದೆ ಯಾಕೆ? 'ಅಧಿಕಾರ' ಸಂಸ್ಕೃತ, 'ಚಾನ್ಸಲರ್' ಇಂಗ್ಲಿಷ್, ಅವನ್ನು ಬಿಟ್ಟು 'ಗ್ರಹಣ' ಒಂದರ ಮೇಲೆ ಮಾತ್ರ ಯಾಕೆ ಸಿಟ್ಟು? 'ಆಳ್ವಿಕೆ ಕಿತ್ತುಕೊಂಡದ್ದು' ಎಂದು ಬರೆಯಿರಿ.

ಮರುಓಲೆ:
ಬೇರೆ ಭಾಷೆಯಿಂದ ಬಂದ ಮಾತಿನ ಮೇಲೆ ನನಗೆ ಸಿಟ್ಟಿಲ್ಲ. 'ಅಧಿಕಾರ' ಹಳ್ಳಿಯ ಅಜ್ಜಿಯ ಬಾಯಲ್ಲೂ ಇದೆ, ಅದು ಕನ್ನಡವೇ. ಸುಳ್ಳು ಹೇಳುವ ಪದ ಬೇಡ ಅಷ್ಟೆ. ಕಿತ್ತುಕೊಂಡ ಅಂದರೆ ಕೊಟ್ಟವರು ತಪ್ಪಿಸಿಕೊಳ್ಳುತ್ತಾರೆ. ಮತ್ತೆ, ಕದ್ದ ಮಾಲೂ ದಕ್ಕುತ್ತದೆ. 'ಕದ್ದದ್ದು ಅವನಿಗೆ ದಕ್ಕಲಿಲ್ಲ' ಎಂದು ನಾವು ಹೇಳುವುದಿಲ್ಲವೇ?

ಮರುಓಲೆ (ಕೇಳಿದವರಿಂದ):
ಇಬ್ಬರಿಗೂ ಥ್ಯಾಂಕ್ಸ್. 'ಕೊಟ್ಟರು, ದಕ್ಕಿಸಿಕೊಂಡ' ಎಂದು ಹಾಕುತ್ತಿದ್ದೇನೆ. ಚಾನ್ಸಲರ್ ಹಾಗೇ ಇರಲಿ, 'ಪ್ರಧಾನಿ' ಎಂದರೆ ಮಕ್ಕಳಿಗೆ ಗೊಂದಲ. ಕೆಳಗೆ 94 ಎಂಬ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಅಷ್ಟೂ ಸೋಶಿಯಲ್ ಡೆಮಾಕ್ರಟ್ ಪಕ್ಷದವರ ವಿರೋಧ ಮತ. ಕಮ್ಯುನಿಸ್ಟ್ ಸದಸ್ಯರನ್ನು ಅಂದು ಒಳಗೇ ಬಿಟ್ಟಿರಲಿಲ್ಲ.