ಮಗಳಿಗೆ ಮೊದಲು ಏಲಿಯನ್ ತೋರಿಸಲಾ, ಪ್ರಮೀಥಿಯಸ್ ತೋರಿಸಲಾ?

ಕಲ್ಲುಬಂಡೆ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಇದೆ. ಅದರ ಹಿಂದೆ 2012ರಿಂದ ಮನಸ್ಸಲ್ಲೇ ಉಳಿದುಬಿಟ್ಟ ಒಂದು ಬೇಜಾರೂ ಇದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮಗಳು ಮೈಸೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ದಸರಾ ರಜೆಗೆ ಮನೆಗೆ ಬರುತ್ತಾಳೆ. "ಅಪ್ಪಾ, ಈ ಸಲ ನಿಮ್ಮ ಏಲಿಯನ್ ಸಿನಿಮಾಗಳನ್ನೆಲ್ಲ ಒಟ್ಟಿಗೆ ನೋಡೋಣ" ಎಂದಳು. ಎಷ್ಟು ಖುಷಿಯಾಯಿತು ಎಂದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅವಳೇ ಒಂದು ಪಟ್ಟಿ ಕಳಿಸಿದಳು. ಕತೆ ನಡೆಯುವ ಇಸವಿಯ ಪ್ರಕಾರ ಜೋಡಿಸಿದ ಪಟ್ಟಿ. ಪ್ರಮೀಥಿಯಸ್ ನಡೆಯುವುದು 2093ರಲ್ಲಿ, ಏಲಿಯನ್ 2122ರಲ್ಲಿ. ಹಾಗಾಗಿ ಪ್ರಮೀಥಿಯಸ್ ಮೊದಲು. ಕ್ಯಾಲೆಂಡರ್ ಪ್ರಕಾರ ಅವಳದ್ದು ಸರಿ. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು.

ನಾನು ಏಲಿಯನ್ ನೋಡಿದ್ದು 1996ರಲ್ಲಿ, ಶಿವಮೊಗ್ಗದಲ್ಲಿ. ಆಗ ಡಿಗ್ರಿ ಎರಡನೇ ವರ್ಷ. ನಾಲ್ಕು ಹುಡುಗರು ದುಡ್ಡು ಹಾಕಿ ವಿಸಿಪಿ ಬಾಡಿಗೆಗೆ ತಂದಿದ್ದೆವು. ಕ್ಯಾಸೆಟ್ ಸವೆದಿತ್ತು, ಪರದೆಯ ಕೆಳಗಡೆ ಒಂದು ಗೆರೆ ಓಡುತ್ತಲೇ ಇತ್ತು. ಉಳಿದ ಮೂವರಿಗೆ ಎದೆ ಸೀಳಿ ಬರುವ ಮರಿ ನೆನಪಿದೆ. ನನಗೆ ನೆನಪಿರುವುದು ಕುರ್ಚಿ.

ನೋಡಿದವರಿಗೆ ಗೊತ್ತು. ನಾಸ್ಟ್ರೋಮೊ ಹಡಗಿನ ಮೂವರು ಆ ಪಾಳು ನೌಕೆಯೊಳಗೆ ಹೋಗುತ್ತಾರೆ. ಗೋಡೆಗಳೆಲ್ಲ ಪಕ್ಕೆಲುಬಿನ ಹಾಗಿವೆ. ನಡುವೆ ಒಂದು ಎತ್ತರದ ಕಟ್ಟೆ. ಅದರ ಮೇಲೆ ದೊಡ್ಡ ಫಿರಂಗಿಯಂಥ ಯಂತ್ರ. ಅದಕ್ಕೆ ಅಂಟಿಕೊಂಡು ಕೂತ ಒಂದು ಜೀವ. ಸತ್ತು ಎಷ್ಟು ಕಾಲವಾಯಿತೋ, ಕಲ್ಲಾಗಿ ಹೋಗಿದೆ. ಕುರ್ಚಿಯಿಂದಲೇ ಬೆಳೆದು ಬಂದ ಹಾಗೆ ಕಾಣುತ್ತದೆ. ಎದೆಯ ಎಲುಬುಗಳು ಹೊರಕ್ಕೆ ಬಾಗಿವೆ. ಅಷ್ಟೇ. ಅದು ಯಾರು, ಎಲ್ಲಿಂದ ಬಂತು, ಒಂದು ಮಾತಿನ ವಿವರಣೆಯೂ ಇಲ್ಲ. ಕ್ಯಾಮೆರಾ ಮುಂದೆ ಹೋಗಿಬಿಡುತ್ತದೆ.

ನಾನು ಓದುತ್ತಿದ್ದದ್ದು ಭೂವಿಜ್ಞಾನ. ಆಗಷ್ಟೇ ಮೇಷ್ಟ್ರು ನಮ್ಮ ಕೈಗೆ ಧಾರವಾಡ ಶಿಲೆಯ ಒಂದು ತುಂಡು ಕೊಟ್ಟು, ಇದಕ್ಕೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು ಎಂದಿದ್ದರು. ಸಂಖ್ಯೆ ಕೇಳಿದ್ದೆ, ಬರೆದುಕೊಂಡೂ ಇದ್ದೆ. ಆದರೆ ಅದು ಮೈಗೆ ತಾಗಿದ್ದು ಆ ಕುರ್ಚಿಯನ್ನು ನೋಡಿದಾಗ. ನಾವು ಹುಟ್ಟುವ ಮೊದಲೇ ಯಾರೋ ಬಂದು, ಯಾವುದೋ ಕಷ್ಟಕ್ಕೆ ಸಿಕ್ಕಿ ಸತ್ತು, ಕಲ್ಲಾಗಿ ಕೂತಿದ್ದಾರೆ. ನಮಗೂ ಅವರಿಗೂ ಸಂಬಂಧವೇ ಇಲ್ಲ. ಆ ಸಂಬಂಧ ಇಲ್ಲದಿರುವುದೇ ನನ್ನನ್ನು ನಡುಗಿಸಿತು.

ಆಮೇಲೆ 2012ರ ಜೂನ್. ಪ್ರಮೀಥಿಯಸ್ ಬಿಡುಗಡೆಯಾಯಿತು. ಆಗ ನಾನು ರಾಯಚೂರು ಕಡೆ ಗಣಿ ಕೆಲಸದಲ್ಲಿದ್ದೆ. ರಜೆ ಹಾಕಿ, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದೆ. 1979ರಲ್ಲಿ ಏಲಿಯನ್ ನಿರ್ದೇಶಿಸಿದ ಅದೇ ರಿಡ್ಲಿ ಸ್ಕಾಟ್, 33 ವರ್ಷಗಳ ಮೇಲೆ, ಅದೇ ಕುರ್ಚಿಯ ಕತೆ ಹೇಳಲು ವಾಪಸ್ ಬಂದಿದ್ದಾರೆ. ಹೋಗದೆ ಇರಲು ಆಗುತ್ತದಾ? ಮೊದಲ ಹತ್ತು ನಿಮಿಷ ಉಸಿರು ಹಿಡಿದು ನೋಡಿದೆ. ಐಸ್‌ಲೆಂಡಿನ ಡೆಟ್ಟಿಫಾಸ್ ಜಲಪಾತ, ಅದರ ಅಂಚಿನಲ್ಲಿ ಆ ಬಿಳಿ ದೈತ್ಯ, ಕಪ್ಪು ದ್ರವ ಕುಡಿದು ಪುಡಿಪುಡಿಯಾಗಿ ನೀರಿಗೆ ಬೀಳುವುದು. ಅಬ್ಬಾ ಎನಿಸಿತು.

ಆಮೇಲೆ ಶುರುವಾಯಿತು ಸಂಕಟ. ಆ ದೈತ್ಯರನ್ನು ಹುಡುಕಿಕೊಂಡು ಬೇರೆ ಲೋಕಕ್ಕೆ ಹೋಗುವ ತಂಡದಲ್ಲಿ ಒಬ್ಬ ಭೂವಿಜ್ಞಾನಿ ಇದ್ದಾನೆ, ಫೈಫೀಲ್ಡ್. ಗುಹೆಯ ನಕ್ಷೆ ಮಾಡುವ ಹಾರುವ ಯಂತ್ರಗಳನ್ನು ಬಿಡುವವನೇ ಅವನು. ದಾರಿ ತಪ್ಪುವವನೂ ಅವನೇ! ನಾನು ಹನ್ನೊಂದು ವರ್ಷ ನೆಲದಡಿ ನಕ್ಷೆ ಬರೆದಿದ್ದೇನೆ. ಇಳಿಯುವ ಮೊದಲು ಹೆಸರು ಬರೆಸಬೇಕು, ಕ್ಯಾಪ್ ಲ್ಯಾಂಪ್ ಪಡೆಯಬೇಕು. ಹಳೆಯ ಸುರಂಗಕ್ಕೆ ಕಾಲಿಡುವ ಮೊದಲು ಗಾಳಿ ಪರೀಕ್ಷೆ ಆಗಲೇಬೇಕು. ಇಲ್ಲಿ ಬೇರೆ ಲೋಕದಲ್ಲಿ, ಬಂದ ಮೊದಲ ದಿನವೇ, ಗಾಳಿ ಚೆನ್ನಾಗಿದೆ ಎಂದು ಹೆಲ್ಮೆಟ್ ತೆಗೆದುಬಿಡುತ್ತಾರೆ. ಗಾಳಿಯಲ್ಲಿ ಆಮ್ಲಜನಕ ಇದ್ದರೆ ಸಾಕಾ? ರೋಗಾಣು ಇದ್ದರೆ? ಸತ್ತ ದೈತ್ಯನ ವಯಸ್ಸನ್ನು ಕಾರ್ಬನ್ ಲೆಕ್ಕದಲ್ಲಿ ಹೇಳುತ್ತಾರೆ, ಸುಮಾರು 2000 ವರ್ಷ ಎಂದು. ಕಾರ್ಬನ್-14ರ ಲೆಕ್ಕ ನಿಂತಿರುವುದು ನಮ್ಮ ಭೂಮಿಯ ಗಾಳಿಯ ಮೇಲೆ. ಆ ಲೋಕದ ಗಾಳಿಯಲ್ಲಿ ಅದು ಎಷ್ಟು ಹುಟ್ಟುತ್ತದೆ ಎಂದು ಇವರಿಗೆ ಯಾರು ಹೇಳಿದರು?

ಇದನ್ನೆಲ್ಲ ನಾನು ಕ್ಷಮಿಸುತ್ತಿದ್ದೆ, ನಿಜವಾಗಿ. ಕ್ಷಮಿಸಲು ಆಗದೆ ಇರುವುದು ಕುರ್ಚಿಗೆ ಮಾಡಿದ್ದನ್ನು. ಕುರ್ಚಿಯಲ್ಲಿ ಕೂತ ಜೀವದ ಮುಖದ ಸೊಂಡಿಲು, ಆ ಎಲುಬು, ಅದೆಲ್ಲ ಬರೀ ಬಟ್ಟೆ ಅಂತೆ. ಹಾಕಿಕೊಳ್ಳುವ ಸೂಟು. ಅದರೊಳಗೆ ಇರುವವನು ನಮ್ಮ ಹಾಗೇ ಕಣ್ಣು ಮೂಗು ಇರುವ, ನಮಗಿಂತ ಸ್ವಲ್ಪ ಎತ್ತರದ ಒಬ್ಬ ಮನುಷ್ಯ. ಡಿಎನ್‌ಎ ಕೂಡ ನಮ್ಮದೇ. 1979ರಲ್ಲಿ ಆ ಜೀವದ ಮುಂದೆ ಮನುಷ್ಯರು ಇರುವೆಗಳ ಹಾಗೆ ಕಾಣುತ್ತಿದ್ದರು. ಈಗ ಅದು ನಮ್ಮ ಅಜ್ಜನಾಗಿಬಿಟ್ಟಿತು. ಅಷ್ಟು ದೊಡ್ಡ ಆಕಾಶದಲ್ಲಿ ಕೊನೆಗೂ ಸಿಕ್ಕಿದ್ದು ನಾವೇ. ಚಿತ್ರ ಮುಗಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಈಗ ಪ್ರಶ್ನೆ. ಅವಳ ಪಟ್ಟಿಯಂತೆ ಪ್ರಮೀಥಿಯಸ್‌ನಿಂದ ಶುರು ಮಾಡಲಾ? ಇಲ್ಲ ಏಲಿಯನ್ ಮೊದಲು ಎಂದು ಹಟ ಹಿಡಿಯಲಾ? ಪ್ರಮೀಥಿಯಸ್ ತೋರಿಸಲೇಬೇಕಾ? ನನ್ನ ಬೇಜಾರನ್ನು ಅವಳ ಮೇಲೆ ಹೇರುತ್ತಿದ್ದೇನಾ ಎಂಬ ಭಯವೂ ಇದೆ.

ರಾತ್ರಿಪಾಳಿ:

ಅಣ್ಣಾ, ನಿಮ್ಮ ಬೇಜಾರು ಅರ್ಥವಾಯಿತು. ಆದರೆ ಪ್ರಮೀಥಿಯಸ್ ತೋರಿಸದೆ ಬಿಡಬೇಡಿ. ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ತಂಡದ ಪುರಾತತ್ವಜ್ಞೆ ಶಾ ತನ್ನ ಹೊಟ್ಟೆಯನ್ನು ತಾನೇ ಕೊಯ್ಯಿಸಿಕೊಳ್ಳುವ ದೃಶ್ಯ ಇದೆಯಲ್ಲ, ಅದಕ್ಕಿಂತ ಭಯ ಹುಟ್ಟಿಸಿದ್ದು ಇಡೀ ಸರಣಿಯಲ್ಲಿ ನನಗೆ ಬೇರೆ ಇಲ್ಲ. ಆಪರೇಷನ್ ಮಾಡುವ ಯಂತ್ರದ ಮುಂದೆ ನಿಂತು ಅವಳು ಸಿಸೇರಿಯನ್ ಎನ್ನುತ್ತಾಳೆ. ಇದು ಗಂಡಸರಿಗೆ ಮಾತ್ರ ಸಿದ್ಧಮಾಡಿದ್ದು ಎನ್ನುತ್ತದೆ ಯಂತ್ರ. ಅದು ಯಾರಿಗಾಗಿ ತಂದದ್ದು ಎಂದು ಆಮೇಲೆ ಹೊಳೆಯುತ್ತದೆ, ಪ್ರಯಾಣಕ್ಕೆ ದುಡ್ಡು ಹಾಕಿದ ಮುದುಕ ವೇಲ್ಯಾಂಡ್ ಹಡಗಿನಲ್ಲೇ ಅಡಗಿದ್ದಾನೆ. ಆ ಹೊತ್ತಿನಲ್ಲಿ ಅವಳು ಬೇರೆ ಪದ ಹುಡುಕಬೇಕು. ಹೊಟ್ಟೆಯೊಳಗೆ ಹೊರಗಿನ ವಸ್ತು ಇದೆ, ತೆಗೆ ಎಂದು ಆಜ್ಞೆ ಕೊಡುತ್ತಾಳೆ. ಶಾ ಪಾತ್ರ ಮಾಡಿದ ನೂಮಿ ರಪಾಸ್ ಮುಖ ನೋಡಿ ನನ್ನ ಕೈ ತಣ್ಣಗಾಯಿತು. ಹೆಣ್ಣಿನ ನೋವಿಗೆ ಯಂತ್ರದ ಪಟ್ಟಿಯಲ್ಲಿ ಜಾಗವೇ ಇಲ್ಲ ಎಂಬುದನ್ನು ಇಷ್ಟು ಕಡಿಮೆ ಮಾತಲ್ಲಿ ಯಾರು ತೋರಿಸಿದ್ದಾರೆ?

ಆದರೆ ಆಮೇಲೆ ಓಡುವುದು, ಜಿಗಿಯುವುದು! ಸಿಸೇರಿಯನ್ ಆದ ತಾಯಿಯನ್ನು ಹಾಸಿಗೆಯಿಂದ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಲು ನಾವು ಎರಡೂ ಕಡೆ ಹಿಡಿದಿರುತ್ತೇವೆ. ಅಲ್ಲಿ ನನಗೂ ಬೇಜಾರಾಯಿತು. ಅಷ್ಟು ನಿಜ ಅನಿಸುವ ನೋವನ್ನು ಕಟ್ಟಿ, ಮುಂದಿನ ದೃಶ್ಯಗಳಲ್ಲಿ ಅದನ್ನೇ ಮರೆತುಬಿಟ್ಟರು.

ಪದಜೇನು:

ಪ್ರಮೀಥಿಯಸ್‌ನ ರೋಬೋ ಡೇವಿಡ್ ಬಗ್ಗೆ ಯಾರೂ ಹೇಳಲಿಲ್ಲ. ಆ ಪಾತ್ರದಲ್ಲಿ ಮೈಕೆಲ್ ಫಾಸ್‌ಬೆಂಡರ್ ಅದ್ಭುತ. ಎಲ್ಲರೂ ಮಲಗಿರುವಾಗ ಆ ರೋಬೋ ಒಬ್ಬನೇ ಹಡಗಿನಲ್ಲಿ ಓಡಾಡುವುದು, ಲಾರೆನ್ಸ್ ಆಫ್ ಅರೇಬಿಯಾ ನೋಡಿ ಕೂದಲಿಗೆ ಬಣ್ಣ ಹಚ್ಚಿಕೊಳ್ಳುವುದು, ಎಷ್ಟು ಸಲ ನೋಡಿದರೂ ಸಾಲದು.

ಅವನು ಅಲ್ಲಿ ಒಂದು ಭಾಷೆ ಕಲಿಯುತ್ತಾನೆ. ಭಾಷೆಯ ವಿದ್ಯಾರ್ಥಿಯಾದ ನನಗೆ ಆ ದೃಶ್ಯ ನೋಡಿ ರೋಮಾಂಚನವಾಯಿತು. ಕಲಿಯುತ್ತಾ ಅವನು ಹೇಳುವುದು ಕುರಿ ಮತ್ತು ಕುದುರೆಗಳ ಕತೆ. ಜರ್ಮನಿಯ ಆಗಸ್ಟ್ ಷ್ಲೈಖರ್ 1868ರಲ್ಲಿ ಸಂಸ್ಕೃತ, ಇಂಗ್ಲಿಷ್‌ನಂಥ ಭಾಷೆಗಳ ಬೇರಾದ ಮೂಲ ಇಂಡೋ-ಯುರೋಪಿಯನ್ ಭಾಷೆಯನ್ನು ಮತ್ತೆ ಕಟ್ಟಿ, ಅದರಲ್ಲಿ ಬರೆದ ಪುಟ್ಟ ಕತೆ. ಇಷ್ಟು ಸೂಕ್ಷ್ಮವಾಗಿ ಕೆಲಸ ಮಾಡಿದ್ದಾರೆ.

ಆದರೆ ಕಲ್ಲುಬಂಡೆಯವರು ಕಾಲದ ಬಗ್ಗೆ ಹೇಳಿದ್ದು ಇಲ್ಲಿಗೂ ಹೊಂದುತ್ತದೆ. ಚಿತ್ರದಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಆ ದೈತ್ಯರನ್ನು ತೋರಿಸುವ ಗುಹೆಚಿತ್ರಕ್ಕೆ 35,000 ವರ್ಷ ವಯಸ್ಸು. ಮೂಲ ಇಂಡೋ-ಯುರೋಪಿಯನ್ ಆಡುತ್ತಿದ್ದದ್ದು ಕೆಲವೇ ಸಾವಿರ ವರ್ಷಗಳ ಹಿಂದೆ. ಅದೂ ಲೋಕದ ಹಲವು ಭಾಷಾ ಕುಟುಂಬಗಳಲ್ಲಿ ಒಂದರ ಬೇರು ಮಾತ್ರ. ನಮ್ಮ ಕನ್ನಡವೇ ಅದರಿಂದ ಹೊರಗೆ, ದ್ರಾವಿಡದ ಕಡೆ ಇದೆ. ಮನುಷ್ಯರನ್ನೆಲ್ಲ ಸೃಷ್ಟಿಸಿದವರ ಹತ್ತಿರ ಮಾತಾಡಲು ಆ ಒಂದು ಬೇರು ಹೇಗೆ ಸಾಕಾಗುತ್ತದೆ? ದೊಡ್ಡದನ್ನು ಹೇಳಲು ಹೊರಟು, ಕೈಗೆ ಹತ್ತಿರ ಇದ್ದ ಚಿಕ್ಕದನ್ನು ಎತ್ತಿಕೊಂಡಿದ್ದಾರೆ.

ನನ್ನ ಸಲಹೆ: ಏಲಿಯನ್ ಮೊದಲು. ಬಿಡುಗಡೆಯಾದ ಕ್ರಮದಲ್ಲೇ ನೋಡಿ.

ತುಂಗಾತೀರ:

ನಾನು ತಪ್ಪು ಕ್ರಮದಲ್ಲಿ ನೋಡಿದವಳು. ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಪ್ರಮೀಥಿಯಸ್ ನೋಡಿದೆ. ತುಂಬಾ ಇಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮನ್ನು ಮಾಡಿದವರು, ಅಂದರೆ ಆ ದೈತ್ಯ ಎಂಜಿನಿಯರ್‌ಗಳು, ನಮ್ಮನ್ನೇ ಕೊಲ್ಲಲು ಯಾಕೆ ಹೊರಟರು ಎಂದು ಶಾ ಕೇಳುವುದು ನನ್ನನ್ನು ಹಿಡಿದುಬಿಟ್ಟಿತು. ಎರಡು ವರ್ಷದ ಮೇಲೆ ಏಲಿಯನ್ ನೋಡಿದೆ. ಕುರ್ಚಿ ಬಂತು. ನನ್ನ ಮನಸ್ಸಿಗೆ ಬಂದದ್ದು ಒಂದೇ ಮಾತು: ಓ, ಎಂಜಿನಿಯರ್‌ಗಳ ಸೂಟು. ಅಷ್ಟೇ. ಭಯ ಇಲ್ಲ, ಬೆರಗು ಇಲ್ಲ. ಪರಿಚಯದವರ ಕೋಟು ಗೂಟಕ್ಕೆ ನೇತಾಡುತ್ತಿದ್ದ ಹಾಗೆ. ನೀವು ಬರೆದದ್ದನ್ನು ಇವತ್ತು ಓದಿದ ಮೇಲೆ ನನಗೆ ಏನು ತಪ್ಪಿಹೋಯಿತು ಎಂದು ಗೊತ್ತಾಯಿತು. ಅದನ್ನು ಮತ್ತೆ ಪಡೆಯಲು ಆಗುವುದಿಲ್ಲ.

ಮಗಳಿಗೆ ಏಲಿಯನ್ ಮೊದಲು ತೋರಿಸಿ, ದಯವಿಟ್ಟು. ಆದರೆ ಪ್ರಮೀಥಿಯಸ್ ನೋಡುವಾಗ ನೀವು ಪಕ್ಕದಲ್ಲಿ ನಿಟ್ಟುಸಿರು ಬಿಡಬೇಡಿ. ಅವಳಿಗೆ ಇಷ್ಟವಾದರೆ ಆಗಲಿ. ಪ್ರಮೀಥಿಯಸ್‌ನ ಮುಂದಿನ ಭಾಗ, 2017ರ ಕವನೆಂಟ್ ಮಾತ್ರ ನನಗೂ ಸಹಿಸಲು ಆಗಲಿಲ್ಲ. ಉತ್ತರ ಹುಡುಕುತ್ತಾ ಹೊರಟ ಶಾಳನ್ನು ತೆರೆಯ ಹಿಂದೆಯೇ ಕೊಂದರು. ಎದೆ ಸೀಳಿ ಬರುವ ಆ ಏಲಿಯನ್ ಜೀವಿಯನ್ನು ರೂಪಿಸಿದ್ದೇ ಡೇವಿಡ್ ಎಂದರು.

ಕಲ್ಲುಬಂಡೆ:

ಎಲ್ಲರಿಗೂ ಧನ್ಯವಾದ. ರಾತ್ರಿಪಾಳಿ ಅವರೇ, ಯಂತ್ರದ ವಿಷಯ ನಾನು ಹಾಗೆ ಯೋಚಿಸಿಯೇ ಇರಲಿಲ್ಲ. ಕುರ್ಚಿಯ ಕೋಪದಲ್ಲಿ ಅದನ್ನು ಸರಿಯಾಗಿ ನೋಡಿಲ್ಲ. ತುಂಗಾತೀರ ಅವರೇ, ಕೋಟಿನ ಮಾತು ಎದೆಗೆ ನಾಟಿತು. ಕವನೆಂಟ್ ಬಗ್ಗೆ ನನ್ನ ಸಂಕಟವೂ ಅದೇ. ಕೆಲವೇ ವರ್ಷ ಮೊದಲು ಡೇವಿಡ್ ಮಾಡಿದ ಜೀವಿ ಎಂದಾದರೆ, 2122ರ ಹೊತ್ತಿಗೆ ಕುರ್ಚಿಯಲ್ಲಿ ಕೂತವನು ಕಲ್ಲಾದದ್ದು ಹೇಗೆ? ಕಲ್ಲಾಗಲು ಕಾಲ ಬೇಕು, ಸ್ವಾಮಿ.

ನಿನ್ನೆ ರಾತ್ರಿ ಏಲಿಯನ್ ಹಾಕಿದೆವು. ದೀಪ ಆರಿಸಿ, ಅವಳ ಫೋನು ಅಡುಗೆಮನೆಯಲ್ಲಿ ಇಟ್ಟು. ಪಟ್ಟಿಯ ಬಗ್ಗೆ ಹೇಳಿದಾಗ ಅವಳು ವಾದ ಮಾಡಲಿಲ್ಲ. "ನಿಮಗೆ ಇಷ್ಟು ಮುಖ್ಯ ಅಂದ್ರೆ ಆಗಲಿ" ಎಂದಳು.

ಕುರ್ಚಿ ಬಂದಾಗ ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡಿದೆ. ಅವಳು ಮುಂದಕ್ಕೆ ಬಾಗಿದಳು. "ನಿಲ್ಲಿಸಿ, ಸ್ವಲ್ಪ ಹಿಂದೆ ಹೋಗಿ" ಎಂದಳು. ಹೋದೆ. ಮತ್ತೆ ನೋಡಿದಳು. ಯಾರು ಅದು ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ಅಪ್ಪಾ, ದೂರದಿಂದ ತೋರಿಸುವಾಗ ಈ ಮೂವರು ಚಿಕ್ಕ ಮಕ್ಕಳ ತರ ನಡೀತಿದ್ದಾರೆ ಅಲ್ವಾ?"

ನನಗೆ ಮೈ ಜುಂ ಎಂದಿತು. ಅವರು ಮಕ್ಕಳೇ. ಕಲಾವಿದ ಎಚ್.ಆರ್. ಗೀಗರ್ ಕುರ್ಚಿಯ ಆ ಜೀವವನ್ನು ಅಷ್ಟು ದೊಡ್ಡದಾಗಿ ಮಾಡಿದ್ದರೂ ಸ್ಕಾಟ್‌ಗೆ ಸಾಕಾಗಿರಲಿಲ್ಲ. ಇನ್ನೂ ದೊಡ್ಡದಾಗಿ ಕಾಣಬೇಕಿತ್ತು. ತನ್ನ ಇಬ್ಬರು ಗಂಡುಮಕ್ಕಳಿಗೂ ಛಾಯಾಗ್ರಾಹಕನ ಮಗನಿಗೂ ಚಿಕ್ಕ ಅಳತೆಯ ಸ್ಪೇಸ್ ಸೂಟ್ ಹೊಲಿಸಿ ಅಲ್ಲಿ ನಿಲ್ಲಿಸಿದರು. ನಾನು ಇದನ್ನು ಎಲ್ಲೋ ಓದಿ ತಿಳಿದದ್ದು, ಅದೂ ನೋಡಿ ಎಷ್ಟೋ ವರ್ಷಗಳ ಮೇಲೆ. ಅವಳಿಗೆ ಎರಡನೇ ನೋಟಕ್ಕೇ ಕಂಡಿತು. ಹೇಳಿದಾಗ ಅವಳು ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಅದು ಇನ್ನೂ ದೊಡ್ಡದಿರಬೇಕು ಅಂತ ಅವರಿಗೆ ಆಸೆ ಇತ್ತು" ಎಂದಳು.

ಹೌದು. ಅವತ್ತು ಆ ಆಸೆ ಇತ್ತು. ಹಾಗಾಗಿಯೇ 2012 ನನಗೆ ಇನ್ನೂ ನೋಯುತ್ತದೆ.

ಇವತ್ತು ಎರಡನೇ ಚಿತ್ರ ಏಲಿಯನ್ಸ್ ನೋಡುತ್ತೇವೆ. ಬಿಡುಗಡೆಯಾದ ಕ್ರಮದಲ್ಲೇ ಹೋದರೆ ಪ್ರಮೀಥಿಯಸ್ ಭಾನುವಾರಕ್ಕೆ ಬರುತ್ತದೆ. ಅವಳ ಅಮ್ಮನೂ ಕೂರುತ್ತೇನೆ ಎಂದಿದ್ದಾಳೆ. ನಾನು ನಿಟ್ಟುಸಿರು ಬಿಡುವುದಿಲ್ಲ.