ಅಪ್ಪನಿಗೆ ಬೈಪಾಸ್ ಅಂದಿದ್ದಾರೆ, ತಿಳಿದವರು ಹೇಳಿ

ಪ್ರಶ್ನೆ (ಮದ್ದೂರು ತಾಲ್ಲೂಕು)

ನಮ್ಮ ತಂದೆಗೆ 64 ವರ್ಷ. ಸಕ್ಕರೆ ಕಾಯಿಲೆ ಇದೆ, ಬೀಡಿ ಚಟವೂ ಇದೆ. ಆಂಜಿಯೋಗ್ರಾಂನಲ್ಲಿ ಮೂರೂ ರಕ್ತನಾಳ ಬ್ಲಾಕ್ ಅಂತ ಬಂದಿದೆ. ಸ್ಟೆಂಟ್ ಬೇಡ, ಬೈಪಾಸೇ ಸರಿ ಅಂದ್ರು. ಮೈಸೂರಿನಲ್ಲಿ ಆಪರೇಷನ್, ಇನ್ನೂ ಒಂದು ತಿಂಗಳು ಟೈಮ್ ಇದೆ. ಸ್ಟೆಂಟ್ ಯಾಕೆ ಆಗಲ್ಲ? ಅಪಾಯ ಎಷ್ಟು? ದುಡ್ಡಿಗೆ ಏನು ದಾರಿ? ಹಳ್ಳಿ ಮನೇಲಿ ಏನೇನು ಸಿದ್ಧ ಮಾಡ್ಕೋಬೇಕು? ನೋಡ್ಕೊಳ್ಳೋಕೆ ಅಮ್ಮ, ನಾನು ಇಬ್ಬರೇ ಇರೋದು.

ಹೃದಯ ವಿಭಾಗದ ಅರಿವಳಿಕೆ ವೈದ್ಯರು, ಮೈಸೂರು

ಸಕ್ಕರೆ ಕಾಯಿಲೆ ಇರೋರಲ್ಲಿ ರಕ್ತನಾಳ ಒಂದೇ ಕಡೆ ಕಟ್ಟಿಕೊಳ್ಳಲ್ಲ, ಉದ್ದಕ್ಕೂ ಅಲ್ಲಲ್ಲಿ ಕಿರಿದಾಗಿರುತ್ತೆ. ಸ್ಟೆಂಟ್ ತೆರೆಯೋದು ಅದನ್ನ ಕೂರಿಸಿದ ಜಾಗವನ್ನ ಮಾತ್ರ. ಬೈಪಾಸ್‌ನಲ್ಲಿ ಬ್ಲಾಕ್ ದಾಟಿ ಕೆಳಗಡೆ ಹೊಸ ನಾಳ ಜೋಡಿಸ್ತಾರೆ. ಹಾಗಾಗಿ ನಾಳೆ ಮೇಲ್ಗಡೆ ಇನ್ನೊಂದು ಬ್ಲಾಕ್ ಆದರೂ ರಕ್ತ ಹೋಗ್ತಾ ಇರುತ್ತೆ. 2012ರಲ್ಲಿ ಪ್ರಕಟವಾದ ಫ್ರೀಡಂ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಜೊತೆಗೆ ಒಂದಕ್ಕಿಂತ ಹೆಚ್ಚು ನಾಳ ಬ್ಲಾಕ್ ಇದ್ದ 1,900 ಜನರನ್ನ ಹೋಲಿಸಿ ನೋಡಿದ್ರು. ಐದು ವರ್ಷದಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಮೂರೂ ಸೇರಿಸಿದ್ರೆ ಸ್ಟೆಂಟ್ ಕಡೆ 26.6%, ಬೈಪಾಸ್ ಕಡೆ 18.7%. ಪಾರ್ಶ್ವವಾಯು ಒಂದನ್ನೇ ತಗೊಂಡ್ರೆ ಲೆಕ್ಕ ತಿರುಗುತ್ತೆ: ಬೈಪಾಸ್‌ನಲ್ಲಿ 5.2%, ಸ್ಟೆಂಟ್‌ನಲ್ಲಿ 2.4%. ಇದನ್ನ ಮುಚ್ಚಿಟ್ಟು ಸಹಿ ಹಾಕಿಸ್ಕೋಬಾರದು, ನೀವೂ ಕೇಳದೆ ಸಹಿ ಹಾಕಬಾರದು.

ಆಪರೇಷನ್ನಿನ ಅಪಾಯ: ಮೊದಲೇ ದಿನ ಗೊತ್ತು ಮಾಡಿ ಮಾಡೋದು, ಹೃದಯದ ಪಂಪಿಂಗ್ ಚೆನ್ನಾಗಿದೆ ಅಂದ್ರೆ ನೂರರಲ್ಲಿ ಒಂದರಿಂದ ಮೂರು ಜನಕ್ಕೆ ಜೀವಾಪಾಯ. ಎಕೋ ರಿಪೋರ್ಟಿನಲ್ಲಿ (ಹೃದಯದ ಸ್ಕ್ಯಾನ್) ಈ ಪಂಪಿಂಗಿನ ಅಳತೆಯನ್ನ ಇಎಫ್ ಅಂತ ಬರೆದಿರುತ್ತೆ ನೋಡಿ. 55ರ ಮೇಲಿದ್ದರೆ ನಿರಾಳ, 35ಕ್ಕಿಂತ ಕೆಳಗಿದ್ದರೆ ಅಪಾಯ ಏರುತ್ತೆ. ಕಿಡ್ನಿ ಕೆಲಸ ತೋರಿಸೋ ಕ್ರಿಯಾಟಿನಿನ್ ಜಾಸ್ತಿ ಇದ್ರೂ, ಎದೆನೋವು ಬಂದು ತುರ್ತಾಗಿ ಮಾಡಿದ್ರೂ ಹಾಗೇ. ರಕ್ತ ನಿಲ್ಲದೆ ಮತ್ತೆ ಎದೆ ತೆರೆಯಬೇಕಾಗೋದು ನೂರಕ್ಕೆ ಎರಡರಿಂದ ಐದು. ಎದೆಮೂಳೆಯ ಆಳಕ್ಕೆ ಸೋಂಕು ಇಳಿಯೋದು ಒಂದೆರಡು, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಇನ್ನೂ ಜಾಸ್ತಿ. ತುಂಬಾ ಜನಕ್ಕೆ ಆಗೋದು ಹೃದಯ ಬಡಿತ ತಾಳ ತಪ್ಪೋದು: ನೂರರಲ್ಲಿ 20ರಿಂದ 40 ಜನಕ್ಕೆ, ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ನೋಡೋರಿಗೆ ಗಾಬರಿ ಆಗುತ್ತೆ, ಆದರೆ ಬಹುತೇಕ ಔಷಧಿಗೇ ಬಗ್ಗುತ್ತೆ.

ಸರ್ಜನ್ ಹತ್ತಿರ ಒಂದು ಮಾತು ತಪ್ಪದೆ ಕೇಳಿ: ಮುಖ್ಯ ನಾಳಕ್ಕೆ ಎದೆಯ ಒಳಗಿನ ಅಪಧಮನಿಯನ್ನೇ ಜೋಡಿಸ್ತೀರಾ ಅಂತ. ಅದು ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತು ಜನರಲ್ಲಿ ತೆರೆದೇ ಇರುತ್ತೆ. ಕಾಲಿಂದ ತೆಗೆದ ಸಿರೆ ಅಷ್ಟು ಬಾಳಲ್ಲ, ಅಷ್ಟರೊಳಗೆ ಅಂಥ ಸಿರೆಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿಹೋಗಿರುತ್ತೆ.

ಬೀಡಿ ಇವತ್ತೇ ನಿಲ್ಲಿಸಿ. ನಾಲ್ಕು ವಾರ ಸಿಕ್ಕಿದ್ರೆ ಶ್ವಾಸಕೋಶದ ಕಫ ಎಷ್ಟೋ ಇಳಿಯುತ್ತೆ. ಹಲ್ಲು ಹುಳುಕಾಗಿದ್ರೆ ಅದನ್ನೂ ಈಗಲೇ ತೋರಿಸಿ.

ಆಸ್ಪತ್ರೆಯ ಯೋಜನೆ ಕೌಂಟರ್ ಸಿಬ್ಬಂದಿ, ಮೈಸೂರು

ಸಾಲ ಮಾಡೋಕೆ ಮುಂಚೆ, ಚೀಟಿ ದುಡ್ಡು ಎತ್ತೋಕೆ ಮುಂಚೆ ಕೌಂಟರಿಗೆ ಬನ್ನಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಮಾಡಿಸಿದ್ರೆ ಅದನ್ನೂ ವಿಚಾರಿಸಿ. ನಿಮ್ಮ ಕಡೆ ಡೇರಿಗೆ ಹಾಲು ಹಾಕೋ ಎಷ್ಟೋ ಮನೆಯವರು ಮಾಡಿಸಿರ್ತಾರೆ, ಮಾಡಿಸಿದ್ದೇ ಮರೆತಿರ್ತಾರೆ.

ತುರ್ತಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳ್ತಾರೆ. ಮಂಡ್ಯದ ಮಿಮ್ಸ್‌ನಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೆಆರ್‌ಎಸ್ ರಸ್ತೆಯ ಜಯದೇವಕ್ಕೆ ಹೋಗ್ತೀರೋ, ಬೇರೆ ಕಡೆಗೋ, ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಆಂಜಿಯೋಗ್ರಾಂ ಸಿಡಿ, ಎಕೋ ರಿಪೋರ್ಟ್ ಒಂದೇ ಫೈಲಿನಲ್ಲಿರಲಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ರೆ ಮಂಜೂರಾತಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಓದುಗರು, ಶ್ರೀರಂಗಪಟ್ಟಣ

ರಕ್ತ ತೆಳು ಮಾಡೋ ಮಾತ್ರೆ ಎಲ್ಲಾ ಒಂದು ವಾರ ಮುಂಚೆನೇ ನಿಲ್ಲಿಸಿಬಿಡಿ, ಇಲ್ಲಾಂದ್ರೆ ರಕ್ತ ನಿಲ್ಲಲ್ಲ.

ಫಾರ್ಮಸಿಸ್ಟ್, ಮಂಡ್ಯ

ಮೇಲಿನವರ ಮಾತು ಕೇಳಿ ಎಲ್ಲಾ ನಿಲ್ಲಿಸಬೇಡಿ. ಆಸ್ಪಿರಿನ್ ಸಾಮಾನ್ಯವಾಗಿ ಆಪರೇಷನ್ ದಿನದವರೆಗೂ ಮುಂದುವರಿಸ್ತಾರೆ. ಕ್ಲೋಪಿಡೋಗ್ರೆಲ್ ಐದು ದಿನ ಮುಂಚೆ, ಪ್ರಾಸುಗ್ರೆಲ್ ಏಳು ದಿನ ಮುಂಚೆ, ಟಿಕಾಗ್ರೆಲರ್ ಮೂರರಿಂದ ಐದು ದಿನ ಮುಂಚೆ ನಿಲ್ಲಿಸೋದು ರೂಢಿ. ನಿಮ್ಮ ತಂದೆಗೆ ಯಾವುದು, ಯಾವತ್ತಿಂದ ಅನ್ನೋದನ್ನ ಸರ್ಜನ್ ಕೈಲೇ ಬರೆಸಿಕೊಳ್ಳಿ. ಹಿಂದೆ ಯಾವಾಗಲಾದ್ರೂ ಸ್ಟೆಂಟ್ ಹಾಕಿಸಿದ್ರೆ ಅದನ್ನ ಹೇಳೋದು ಮರೀಬೇಡಿ, ಲೆಕ್ಕವೇ ಬದಲಾಗುತ್ತೆ.

ಸಕ್ಕರೆ ಮಾತ್ರೆಯಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯಾ ನೋಡಿ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತೆ, ಎಷ್ಟೋ ಸಲ ಮೆಟ್‌ಫಾರ್ಮಿನ್ ಜೊತೆ ಸೇರಿಸಿ ಒಂದೇ ಮಾತ್ರೆ ಮಾಡಿರ್ತಾರೆ. ಇದನ್ನ ಮೂರು ದಿನ ಮುಂಚೆ ನಿಲ್ಲಿಸಬೇಕು. ಉಪವಾಸ, ಆಪರೇಷನ್ ಎರಡೂ ಸೇರಿದಾಗ ಸಕ್ಕರೆ ನಾರ್ಮಲ್ ತೋರಿಸ್ತಾ ಇದ್ರೂ ರಕ್ತದಲ್ಲಿ ಆಮ್ಲ ಏರಿಬಿಡುತ್ತೆ. ಇದನ್ನ ತಗೋತಿದ್ದಾರೆ ಅಂತ ನೀವಾಗಿ ಹೇಳಿ, ಯಾರೂ ಕೇಳದೆ ಇರಬಹುದು.

ಹೃದಯ ಐಸಿಯು ನರ್ಸ್, ಮೈಸೂರು

ಮೊದಲ ಸಲ ಒಳಗೆ ಬಿಟ್ಟಾಗ ಏನು ಕಾಣುತ್ತೆ ಅಂತ ಅಮ್ಮನಿಗೆ ಮೊದಲೇ ಹೇಳಿಡಿ. ಬಾಯಲ್ಲಿ ವೆಂಟಿಲೇಟರ್ ಪೈಪ್, ಮುಖ ಊದಿರುತ್ತೆ, ಕೈ ತಣ್ಣಗಿರುತ್ತೆ, ಮಾತಾಡೋಕೆ ಆಗಲ್ಲ. ಎದೆಯ ಕೆಳಗಿಂದ ಎರಡು ಮೂರು ಪೈಪ್ ಬಂದು ಡಬ್ಬಿಗೆ ಸೇರಿರುತ್ತೆ, ಅದರಲ್ಲಿ ರಕ್ತ ಇರುತ್ತೆ. ಇದೆಲ್ಲ ಇರಬೇಕಾದ್ದೇ. ಎಲ್ಲ ಸರಿ ಇದ್ರೆ ಬಾಯಿ ಪೈಪ್ ಅವತ್ತು ರಾತ್ರಿ ಅಥವಾ ಮಾರನೇ ಬೆಳಿಗ್ಗೆ ತೆಗೀತಾರೆ, ಎದೆ ಪೈಪ್ ಒಂದರಿಂದ ಮೂರು ದಿನದೊಳಗೆ. ಐಸಿಯು ಎರಡು ಮೂರು ದಿನ, ಆಸ್ಪತ್ರೆ ಒಟ್ಟು ಒಂದು ವಾರದಷ್ಟು.

ಎರಡು ಮೂರನೇ ದಿನ ಕೆಲವರು ಏನೇನೋ ಮಾತಾಡ್ತಾರೆ. ಗೋಡೆ ಮೇಲೆ ಇರುವೆ ಹರೀತಿದೆ ಅಂತಾರೆ, ಪೈಪ್ ಕೀಳೋಕೆ ಹೋಗ್ತಾರೆ, ಹೆಂಡ್ತಿನೇ ಗುರುತು ಹಿಡಿಯಲ್ಲ. ಗಾಳಿ ಸೋಕಿದೆ ಅಂತ ತಾಯತ ತರಬೇಡಿ. ಅರಿವಳಿಕೆ, ನಿದ್ದೆಗೇಡು, ನೋವಿನ ಔಷಧಿ ಸೇರಿ ಬರೋ ಗೊಂದಲ ಅದು, ಹೆಚ್ಚಿನವರಿಗೆ ಕೆಲವೇ ದಿನದಲ್ಲಿ ಇಳಿಯುತ್ತೆ. ಕನ್ನಡಕ, ಹಲ್ಲಿನ ಸೆಟ್, ಕಿವಿ ಮಿಷನ್ ಇದ್ರೆ ತಂದುಕೊಡಿ. ಒಳಗೆ ಬಂದಾಗ ಇವತ್ತು ಯಾವ ವಾರ, ಈಗ ಹೊತ್ತೆಷ್ಟು, ಹಸು ಕರು ಹಾಕ್ತಾ, ಇಂಥ ಮಾತಾಡಿ. ಆದರೆ ಒಂದೇ ಪಕ್ಕದ ಕೈಕಾಲು ಸೋತರೆ, ಬಾಯಿ ಸೊಟ್ಟ ಆದರೆ ಅದು ಬೇರೆ ವಿಷಯ. ಆ ಕ್ಷಣವೇ ನಮ್ಮನ್ನ ಕರೀರಿ.

ಮಾತ್ರೆಯಲ್ಲೇ ಇದ್ದೋರಿಗೆ ಇನ್ಸುಲಿನ್ ಶುರು ಮಾಡಿದ್ರೆ ಕಾಯಿಲೆ ಕೈಮೀರಿತು ಅಂತ ಅಲ್ಲ. ಗಾಯ ಮಾಗೋಕೆ ಸಕ್ಕರೆ 180ರ ಒಳಗೆ ಇರಬೇಕು, ಅದಕ್ಕೆ.

ಫಿಸಿಯೋಥೆರಪಿಸ್ಟ್, ಕುವೆಂಪುನಗರ

ಮೂರು ಗೋಲಿಯ ಸ್ಪೈರೋಮೀಟರ್ (ಉಸಿರಾಟದ ಅಭ್ಯಾಸ ಮಾಡಿಸೋ ಸಾಧನ) ಈಗಲೇ ಕೊಂಡು ಮನೇಲೇ ಅಭ್ಯಾಸ ಮಾಡಿಸಿ. ಎಲ್ಲರೂ ಮಾಡೋ ತಪ್ಪು ಅಂದ್ರೆ ಅದನ್ನ ಊದೋದು. ಊದೋದಲ್ಲ, ಉಸಿರು ಎಳೀಬೇಕು. ನೆಟ್ಟಗೆ ಕೂತು, ಉಸಿರೆಲ್ಲ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ ನಿಧಾನಕ್ಕೆ ಎಳೆದು, ಗೋಲಿ ಮೇಲೆ ನಿಂತಾಗ ಮೂರು ಸೆಕೆಂಡ್ ಹಿಡೀಬೇಕು. ಮೂರೂ ಗೋಲಿ ಪಟಪಟ ಹಾರಿಸೋದಕ್ಕಿಂತ ಒಂದನ್ನೇ ನಿಲ್ಲಿಸಿ ಹಿಡಿಯೋದು ಮೇಲು. ಆಪರೇಷನ್ ಆದ ಮೇಲೆ ಎಚ್ಚರ ಇದ್ದಷ್ಟು ಹೊತ್ತು ಗಂಟೆಗೆ ಹತ್ತು ಸಲ. ನೋವಿಗೆ ಹೆದರಿ ಮೇಲುಸಿರಲ್ಲೇ ಇದ್ರೆ ಶ್ವಾಸಕೋಶದ ಕೆಳಭಾಗ ಮುದುಡಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ. ಬೀಡಿ ಸೇದಿದವರಿಗಂತೂ ಇದು ಊಟದಷ್ಟೇ ಮುಖ್ಯ.

ಎದೆಮೂಳೆಯನ್ನ ನಡುವೆ ಕೊಯ್ದು ಸ್ಟೀಲ್ ತಂತಿಯಲ್ಲಿ ಕಟ್ಟಿರ್ತಾರೆ. ಅದು ಕೂಡಿಕೊಳ್ಳೋಕೆ ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗೋಕೆ ಮೂರು ತಿಂಗಳು. ಹಾಸಿಗೆಯಿಂದ ಏಳೋ ರೀತಿ ನೀವೂ ಅಮ್ಮನೂ ಕಲೀಬೇಕು. ಮೊದಲು ಎರಡೂ ಮಂಡಿ ಮಡಚಲಿ. ದಿಂಬನ್ನ ಎದೆಗೆ ಅಪ್ಪಿಕೊಂಡು ಭುಜ, ಸೊಂಟ ಒಟ್ಟಿಗೇ ಒಂದು ಮಗ್ಗುಲಿಗೆ ಹೊರಳಲಿ. ಕಾಲನ್ನ ಮಂಚದಿಂದ ಕೆಳಕ್ಕೆ ಇಳಿಬಿಟ್ಟರೆ ಅದರ ಭಾರಕ್ಕೆ ಮೇಲುಭಾಗ ಅರ್ಧ ತಾನೇ ಏಳುತ್ತೆ, ಮಿಕ್ಕಿದ್ದಕ್ಕೆ ನೀವು ಬೆನ್ನಿನ ಹಿಂದೆ ಕೈ ಕೊಟ್ಟು ಎಬ್ಬಿಸಿ. ಕೂತು ಎರಡು ನಿಮಿಷ ತಡೆದು ಆಮೇಲೆ ನಿಲ್ಲಲಿ, ಬಿಪಿ ಇಳಿದು ತಲೆ ಸುತ್ತಬಹುದು. ರಟ್ಟೆ ಹಿಡಿದು ಎಳೆಯೋದು, ಕಂಕುಳಿಗೆ ಕೈ ಹಾಕಿ ಎತ್ತೋದು ಬೇಡವೇ ಬೇಡ. ಹಾಗೆ ಜಗ್ಗಿದಾಗ ತಂತಿ ಮೂಳೆಯನ್ನೇ ಕೊಯ್ಕೊಂಡು ಬಂದುಬಿಡಬಹುದು. ಕೆಮ್ಮುವಾಗ, ಸೀನುವಾಗಲೂ ದಿಂಬು ಎದೆಗಿರಲಿ.

ಹಳ್ಳಿ ಮನೆಗೆ ಎರಡು ಸಾಮಾನು ಮುಖ್ಯ: ಮಂಚ, ಕಮೋಡ್ ಚೇರ್. ಚಾಪೆ ಮೇಲಿಂದ ಏಳೋಕೆ, ಕುಕ್ಕರಗಾಲಲ್ಲಿ ಕೂತು ಏಳೋಕೆ ಕೈ ಊರಲೇಬೇಕು, ಆ ಭಾರವೆಲ್ಲ ಎದೆಗೆ ಬರುತ್ತೆ. ಕೈಲಿ ಎತ್ತೋದು ಎರಡು ಮೂರು ಕೆಜಿ ಮೀರಬಾರದು. ತುಂಬಿದ ಕೊಡ ಹನ್ನೆರಡು ಹದಿನೈದು ಕೆಜಿ ಆಗುತ್ತೆ, ಮೊಮ್ಮಕ್ಕಳು ಇನ್ನೂ ಭಾರ.

ಮನೆಗೆ ಬಂದ ಮೊದಲ ವಾರ ಐದು ನಿಮಿಷದ ನಡಿಗೆ, ದಿನಕ್ಕೆ ನಾಲ್ಕು ಸಲ. ಪ್ರತಿದಿನ ಒಂದೊಂದು ನಿಮಿಷ ಏರಿಸ್ತಾ ಆರನೇ ವಾರದ ಹೊತ್ತಿಗೆ ಅರ್ಧ ಗಂಟೆ. ನಡೀತಾ ಮಾತಾಡೋಕೆ ಆಗಬೇಕು, ಅದೇ ಅಳತೆ. ಊರ ಮುಂದಿನ ಡಾಂಬರು ರಸ್ತೆ ಸಾಕು, ಗದ್ದೆ ಬದು ಬೇಡ. ಮೈಸೂರಲ್ಲೇ ನೆಂಟರ ಮನೇಲಿ ಉಳಿದ್ರೆ ಕುಕ್ಕರಹಳ್ಳಿ ಕೆರೆ ಏರಿ ಒಳ್ಳೇದು. ಬೆಟ್ಟದ ಮೆಟ್ಟಿಲು ಹತ್ತೋ ಹರಕೆ ಇದ್ರೆ ಚಾಮುಂಡಿ ತಾಯಿ ಕಾಯ್ತಾಳೆ, ಈಗ ಬೇಡ.

ಡಯಟೀಷಿಯನ್, ಮೈಸೂರು

ನಂಜಾಗುತ್ತೆ ಅಂತ ಮೊಟ್ಟೆ, ಮೀನು, ಬದನೆಕಾಯಿ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡೋ ಮನೆಗಳೇ ಜಾಸ್ತಿ. ಗಾಯ ಕೀವಾಗೋದು ಏರಿದ ಸಕ್ಕರೆಯಿಂದ, ಸೋಂಕಿನಿಂದ. ಮಾಗೋಕೆ ಬೇಕಾದ್ದು ಪ್ರೋಟೀನು. ಮೊಟ್ಟೆಯ ಬಿಳಿಭಾಗ, ಬೇಯಿಸಿದ ಮೀನು, ಹೆಸರುಕಾಳು, ಹುರುಳಿಕಾಳು, ಕೆನೆ ತೆಗೆದ ಮೊಸರು ಕೊಡಿ. ರಾಗಿ ಮುದ್ದೆ ಧಾರಾಳವಾಗಿ ಅಂದ್ರೆ ಒಂದು, ಮೂರಲ್ಲ. ಸೊಪ್ಪಿನ ಸಾರು ಸರಿ. ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಹಾಗಾಗಿ ಉಪ್ಪಿನಕಾಯಿ, ಹಪ್ಪಳ ಬಿಡಿ. ಸಕ್ಕರೆ ಬದಲು ಬೆಲ್ಲ ಅನ್ನೋದು ಮಂಡ್ಯದವರಿಗೆ ಬೇಜಾರಾದ್ರೂ ಹೇಳಲೇಬೇಕು: ಸಕ್ಕರೆ ಕಾಯಿಲೆಗೆ ಎರಡೂ ಒಂದೇ.

ಮೊದಲ ಎರಡು ಮೂರು ವಾರ ಬಾಯಿ ರುಚಿ ಇರಲ್ಲ. ಸ್ವಲ್ಪ ಸ್ವಲ್ಪ, ಐದಾರು ಸಲ ಕೊಡಿ. ಮಲಬದ್ಧತೆ ಆದ್ರೆ ತಿಣುಕೋಕೆ ಬಿಡದೆ ಡಾಕ್ಟರ ಹತ್ತಿರ ಔಷಧಿ ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಮನೆಗೆ ಬಂದ ಮೇಲೆ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು? ಮತ್ತೆ ಹಸು ಕರೆಯೋದು, ಬೈಕು ಯಾವಾಗ? ಅವರು ಈಗಲೇ ಅದನ್ನೇ ಕೇಳ್ತಾವ್ರೆ.

ಹೃದಯ ಐಸಿಯು ನರ್ಸ್, ಮೈಸೂರು

ಕಾಯಬಹುದಾದ್ದು: ಎದೆಯ ಎಡಭಾಗ ಮರಗಟ್ಟಿದ ಹಾಗೆ ಇರೋದು, ಸಿರೆ ತೆಗೆದ ಕಾಲು ಸಂಜೆ ಹೊತ್ತಿಗೆ ಊದೋದು (ಕೂತಾಗ ಕಾಲು ಎತ್ತರದಲ್ಲಿಡಿ), ಬೆನ್ನು ಭುಜ ಹಿಡಿಯೋದು, ನಿದ್ದೆ ಬಾರದೆ ಇರೋದು, ಸುಮ್ಮಸುಮ್ಮನೆ ಅಳು, ಸಿಟ್ಟು. ಅಳು, ಮಂಕು ಎರಡು ವಾರ ದಾಟಿದ್ರೆ ಮಾತ್ರ ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಅವತ್ತೇ ಆಸ್ಪತ್ರೆಗೆ ಫೋನ್ ಮಾಡಬೇಕಾದ್ದು: ಜ್ವರ 100.4 ದಾಟಿದ್ರೆ, ಗಾಯದಿಂದ ಕೀವು ಅಥವಾ ನೀರು ಬಂದ್ರೆ, ಮಗ್ಗುಲಾದಾಗ ಎದೆಮೂಳೆ ಕಟಕ್ ಅಂದ್ರೆ, ಒಂದೇ ಮೀನಖಂಡ ಊದಿ ಬಿಗಿದು ನೋವಾದ್ರೆ, ಒಂದು ದಿನಕ್ಕೆ ಒಂದು ಕೆಜಿಗಿಂತ ಜಾಸ್ತಿ ಅಥವಾ ವಾರಕ್ಕೆ ಎರಡು ಕೆಜಿಗಿಂತ ಜಾಸ್ತಿ ತೂಕ ಏರಿದ್ರೆ. ತೂಕ ಏರೋದು ಮೈಯಲ್ಲಿ ನೀರು ನಿಂತ ಗುರುತು, ಅದಕ್ಕೇ ತೂಕದ ಮಿಷನ್ ಇಟ್ಟು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದಿಡಿ. 108ಕ್ಕೆ ಕರೆ ಮಾಡಬೇಕಾದ್ದು: ಮಲಗಿದ್ರೆ ಉಸಿರು ಕಟ್ಟೋದು, ಬಡಿತ ಹುಚ್ಚೆದ್ದು ತಲೆ ಸುತ್ತೋದು, ಹಳೇ ಥರದ ಎದೆನೋವು, ಮಾತು ತೊದಲೋದು.

ಗಾಯಕ್ಕೆ ಸೋಪು ನೀರು, ಒಣ ಬಟ್ಟೆ ಇಷ್ಟೇ. ಅರಿಶಿನ, ಕೊಬ್ಬರಿ ಎಣ್ಣೆ, ಅರೆದ ಸೊಪ್ಪು ಹಚ್ಚಬೇಡಿ. ನೋಡೋಕೆ ಬರೋ ನೆಂಟರನ್ನ ಮೊದಲ ಎರಡು ವಾರ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಿ. ನಿಷ್ಠುರ ಆದ್ರೂ ಪರವಾಗಿಲ್ಲ, ಕೆಮ್ಮು ನೆಗಡಿ ಇರೋರಂತೂ ಒಳಗೆ ಬರೋದೇ ಬೇಡ.

ಫಾರ್ಮಸಿಸ್ಟ್, ಮಂಡ್ಯ

ಡಿಸ್ಚಾರ್ಜ್ ಆದ ದಿನ ಮನೇಲಿರೋ ಹಳೇ ಮಾತ್ರೆ ಡಬ್ಬಿ ಎತ್ತಿಡಿ. ಹಳೇ ಚೀಟಿಯ ಕ್ಲೋಪಿಡೋಗ್ರೆಲ್ ಒಂದು ಕಂಪನಿದು, ಹೊಸದು ಇನ್ನೊಂದು ಕಂಪನಿದು ಆಗಿ ಎರಡನ್ನೂ ನುಂಗೋದು ಸಾಮಾನ್ಯ. ಆಮೇಲೆ ಮೂಗಲ್ಲಿ ರಕ್ತ, ಕಪ್ಪು ಮಲ. ಎರಡೂ ಚೀಟಿ ಅಂಗಡಿಗೆ ತನ್ನಿ, ಹೋಲಿಸಿ ಕೊಡ್ತೀವಿ. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಸಾಮಾನ್ಯವಾಗಿ ಜೀವನಪೂರ್ತಿ. ಹೃದಯ ಬಡಿತ ಇಳಿಸೋ ಮೆಟೊಪ್ರೊಲಾಲ್ ಥರದ್ದನ್ನ ತಟ್ಟನೆ ನಿಲ್ಲಿಸಿದ್ರೆ ಬಡಿತ ಏರುತ್ತೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರೋ ಮೈಕೈ ನೋವಿನ ಮಾತ್ರೆ ಬೈಪಾಸ್ ಆದವರಿಗೆ ಕೊಡಬಾರದು: ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತೆ, ಕಿಡ್ನಿಗೂ ಪೆಟ್ಟು. ಯಾವ ಅಂಗಡಿಗೆ ಹೋದ್ರೂ ಬೈಪಾಸ್ ಆಗಿದೆ ಅಂತ ಮೊದಲೇ ಹೇಳಿ.

ಫಿಸಿಯೋಥೆರಪಿಸ್ಟ್, ಕುವೆಂಪುನಗರ

ಹಸು ಕರೆಯೋದು ಮೂರು ತಿಂಗಳು ಬೇಡ. ಕುಕ್ಕರಗಾಲಲ್ಲಿ ಕೂರಬೇಕು, ಹಸು ಒದ್ದರೆ ನೇರ ಎದೆಗೆ. ಬೈಕು, ಟ್ರ್ಯಾಕ್ಟರ್ ಕೂಡ ಮೂರು ತಿಂಗಳು ಬಿಡಿಸಿ, ಹ್ಯಾಂಡಲ್ ಸ್ಟೇರಿಂಗ್ ಜಗ್ಗೋದೆಲ್ಲ ಎದೆಮೂಳೆಗೇ ಬೀಳೋದು. ಕಾರು ಓಡಿಸೋದು ಆರರಿಂದ ಎಂಟು ವಾರ ಆಗಿ ಸರ್ಜನ್ ನೋಡಿದ ಮೇಲೆ. ಅಲ್ಲೀವರೆಗೆ ಹಿಂದಿನ ಸೀಟು, ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಟವೆಲ್ಲು. ಬೋರ್‌ವೆಲ್ ಸ್ಟಾರ್ಟರ್ ಒತ್ತೋಕೆ ಈಗಲೂ ಹೋಗಬಹುದು, ದಾರಿ ಸಮ ಇದ್ರೆ.