ಕಪ್ಪೆ ಮೊಟ್ಟೆ ಬಿಸಿಲಿಗೆ ಸತ್ತವು, ಗೊದಮೊಟ್ಟೆ ಬದುಕಿದವು. ಯಾಕೆ ಮೇಡಂ?

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಮಾಸ್ತರ್, ಸಿಂಧನೂರು ಹತ್ತಿರ):
ನಮಸ್ಕಾರ ಮೇಡಂ. ಮೊನ್ನೆ ರಾತ್ರಿ ಮಳೆಗೆ ಶಾಲೆ ಹಿಂದಿನ ಗದ್ದೆ ಅಂಚಿನ ಗುಂಡಿಯಲ್ಲಿ ಕಪ್ಪೆ ಮೊಟ್ಟೆ ಇಟ್ಟಿತ್ತು. ಹಿಂದಿನ ಮಳೆಯ ಗೊದಮೊಟ್ಟೆಗಳೂ ಅಲ್ಲೇ ಇದ್ದವು. ಮಧ್ಯಾಹ್ನ ಥರ್ಮಾಮೀಟರ್ ಅದ್ದಿದರೆ ಮೇಲಿನ ನೀರು 39 ಡಿಗ್ರಿ! ಸಂಜೆಗೆ ಮೊಟ್ಟೆಗಳು ಬೆಳ್ಳಗಾದವು, ಗೊದಮೊಟ್ಟೆ ಮಾತ್ರ ಆರಾಮ. ಮಕ್ಕಳು ಕೇಳಿದಾಗ 'ಹೀಟ್ ಶಾಕ್ ಪ್ರೊಟೀನ್' ಅಂತ ಹೇಳಿಬಿಟ್ಟೆ. ಸರಿಯಾ?

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ, ರಾಯಚೂರು):
ಅರ್ಧ ಸರಿ ಸರ್. ಗೊದಮೊಟ್ಟೆ ಈಜಿ ತಂಪು ಹುಡುಕುತ್ತದೆ. ಮೊಟ್ಟೆ ಲೋಳೆಯಲ್ಲಿ ಸಿಕ್ಕಿ ಇದ್ದಲ್ಲೇ ಬೇಯುತ್ತದೆ. ಫಲಿಸದ ಮೊಟ್ಟೆಗಳೂ ಬೆಳ್ಳಗಾಗುತ್ತವೆ, ಅದನ್ನೂ ನೆನಪಿಡಿ.

ಇನ್ನು ಪ್ರೊಟೀನ್ ವಿಷಯ. ಪ್ರೊಟೀನ್ ಅಂದರೆ ಸುತ್ತಿದ ರುಮಾಲು ಅಂದುಕೊಳ್ಳಿ. ಬಿಸಿಯಾದರೆ ಬಿಚ್ಚಿಕೊಳ್ಳುತ್ತದೆ, ಪಕ್ಕದ ರುಮಾಲಿಗೆ ಸಿಕ್ಕು ಬೀಳುತ್ತದೆ. ಹೀಟ್ ಶಾಕ್ ಪ್ರೊಟೀನ್ (ಚುಟುಕಾಗಿ ಎಚ್‌ಎಸ್‌ಪಿ) ಅಂದರೆ ಇದನ್ನು ಸರಿಪಡಿಸುವ ರಕ್ಷಕ ಪ್ರೊಟೀನ್. ಎಚ್‌ಎಸ್‌ಪಿ70 ಅದರ ತುದಿ ಹಿಡಿದು ಮತ್ತೆ ಸುತ್ತಿಸುತ್ತದೆ. ಎಚ್‌ಎಸ್‌ಪಿ30 ಚಿಕ್ಕದು. ಅದು ಸಿಕ್ಕಾಗದಂತೆ ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. (70, 30 ಅನ್ನುವುದು ಅವುಗಳ ಸುಮಾರು ತೂಕ, ಕಿಲೋಡಾಲ್ಟನ್ ಅನ್ನುವ ಅಣುತೂಕದ ಲೆಕ್ಕದಲ್ಲಿ.)

ಇವನ್ನು ಮಾಡುವ ಜೀನ್‌ಗಳಿಗೆ ಕರೆಗಂಟೆಯಂತಿರುವ ಇನ್ನೊಂದು ಪ್ರೊಟೀನ್ ಎಚ್‌ಎಸ್‌ಎಫ್1. ಸಾಮಾನ್ಯ ದಿನದಲ್ಲಿ ಇದೇ ರಕ್ಷಕ ಪ್ರೊಟೀನ್‌ಗಳು ಅದನ್ನು ಹಿಡಿದು ಕೂರಿಸಿರುತ್ತವೆ. ಬಿಚ್ಚಿ ಕೆಟ್ಟ ಪ್ರೊಟೀನ್ ಜಾಸ್ತಿಯಾದಾಗ ಈ ರಕ್ಷಕಗಳು ಅತ್ತ ಓಡುತ್ತವೆ. ಎಚ್‌ಎಸ್‌ಎಫ್1 ಬಿಡುಗಡೆಯಾಗಿ, ಮೂರು ಮೂರು ಸೇರಿ ಡಿಎನ್‌ಎ ಮೇಲೆ ಕೂರುತ್ತದೆ. ಜೀನ್ ಚಾಲೂ.

ನಿಮ್ಮ ಮೊಟ್ಟೆಯ ಕಥೆ ಇಲ್ಲಿಂದ ಶುರು. ಆಫ್ರಿಕಾದ ಝೆನೋಪಸ್ ಕಪ್ಪೆಯಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜಾನ್ ಹೈಕ್ಕಿಲಾ ಅವರ ತಂಡದ ಕೆಲಸ ತುಂಬ ಇದೆ. ಮೊಟ್ಟೆ ಫಲಿಸಿದ ಮೊದಲ ಕೆಲವು ಗಂಟೆ ಭ್ರೂಣದ ಸ್ವಂತ ಜೀನ್‌ಗಳು ಹೆಚ್ಚು ಕಡಿಮೆ ಮಲಗಿರುತ್ತವೆ. ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲೇ ನಡೆಯುತ್ತದೆ. 12 ಸಲ ಕೋಶ ಎರಡೆರಡಾಗಿ ಒಡೆದು ಸುಮಾರು 4,000 ಕೋಶ ಆದ ಮೇಲೆ ಜೀನ್ ಏಳುತ್ತದೆ. ಅದಕ್ಕೂ ಮೊದಲು ಬಿಸಿ ಮಾಡಿದರೆ ಹೊಸ ಎಚ್‌ಎಸ್‌ಪಿ70 ಮಾಡಲು ಜೀನ್‌ನಿಂದ ಸಂದೇಶ ಬರುವುದೇ ಇಲ್ಲ. ಎಚ್‌ಎಸ್‌ಪಿ30 ಇನ್ನೂ ತಡ, ಬಾಲದ ಮೊಗ್ಗು ಮೂಡುವ ಹಂತಕ್ಕೆ. ಗೊದಮೊಟ್ಟೆಗೆ ಎರಡೂ ಕೈಯಲ್ಲಿರುತ್ತವೆ.

ಪ್ರಶ್ನೆ (ಭತ್ತದ ರೈತ, ಗಂಗಾವತಿ):
ಅಕ್ಕಾರೆ, ಎಷ್ಟು ಡಿಗ್ರಿಗೆ ಗಂಟೆ ಹೊಡೆಯುತ್ತದೆ? ಬಿಸಿಲೊಂದಕ್ಕೇನಾ?

ಉತ್ತರ:
ಝೆನೋಪಸ್ ತಂಪು ನೀರಿನ ಜೀವಿ. ಲ್ಯಾಬಿನಲ್ಲಿ 22ರ ಆಸುಪಾಸಿನಲ್ಲಿ ಇಡುತ್ತಾರೆ. ಅದರ ಮೂತ್ರಪಿಂಡದಿಂದ ಬೆಳೆಸಿದ ಎ6 ಕೋಶಗಳಿಗೆ 33ರಿಂದ 35 ಡಿಗ್ರಿ ಕೊಟ್ಟರೆ ಪ್ರೊಟೀನ್ ಜೋರಾಗಿ ಬರುತ್ತದೆ. ನಮ್ಮ ಕಪ್ಪೆಗೆ 33 ಅಂದರೆ ಸುಮ್ನೆ ಒಂದು ಬೆಳಿಗ್ಗೆ ಅಲ್ವಾ? ಯಾವ ಜೀವಿ ಎಲ್ಲಿ ಬಾಳುತ್ತದೋ ಅದಕ್ಕೆ ತಕ್ಕ ಹಾಗೆ ಗಂಟೆಯ ಮಟ್ಟ.

ಬಿಸಿಲೊಂದೇ ಅಲ್ಲ ಅಣ್ಣಾರೆ. ಕ್ಯಾಡ್ಮಿಯಂ, ಆರ್ಸೆನೈಟ್ ಥರದ ವಿಷ ಹಾಕಿದರೂ ಎ6 ಕೋಶ ಇವೇ ಪ್ರೊಟೀನ್ ಮಾಡುತ್ತದೆ. ಬಿಸಿ ಇಲ್ಲದಿದ್ದರೂ! ಗಂಟೆ ಕೇಳುವುದು ಕೆಟ್ಟ ಪ್ರೊಟೀನನ್ನು, ತಾಪವನ್ನಲ್ಲ. 'ಹೀಟ್' ಅನ್ನುವ ಹೆಸರು ಅಂಟಿದ್ದು ಮಾತ್ರ 1962ರಲ್ಲಿ ಇಟಲಿಯ ವಿಜ್ಞಾನಿ ರಿಟೋಸ್ಸಾ ಹಣ್ಣಿನ ನೊಣದ ಕ್ರೋಮೋಸೋಮಿನಲ್ಲಿ ಬಿಸಿಗೆ ಜೀನ್ ಎಚ್ಚೆತ್ತ ಗುರುತನ್ನು ಮೊದಲು ವರದಿ ಮಾಡಿದ್ದರಿಂದ. ಯಾರೋ ಇನ್‌ಕ್ಯುಬೇಟರ್ ಬಿಸಿ ಏರಿಸಿಬಿಟ್ಟಿದ್ದರಂತೆ.

ಪ್ರಶ್ನೆ (ಮಾಸ್ತರ್):
ಹಾಗಾದರೆ ಮೊಟ್ಟೆಗೆ ಬಿಸಿನೀರು ಹಾಕಿ ಮಕ್ಕಳಿಗೆ ತೋರಿಸಲೇ?

ಉತ್ತರ:
ಬೇಡ ಸರ್. ಸಾಯುವುದು ಕಾಣುತ್ತದೆ, ಪ್ರೊಟೀನ್ ಕಾಣುವುದಿಲ್ಲ. ಅದಕ್ಕೆ ಜೆಲ್ ಓಡಿಸಬೇಕು, ಅಂದರೆ ಲ್ಯಾಬಿನಲ್ಲಿ ಪ್ರೊಟೀನ್‌ಗಳನ್ನು ಬೇರ್ಪಡಿಸಿ ನೋಡಬೇಕು. ಗುಂಡಿಯ ಮೇಲೆ ಒಮ್ಮೆ, ತಳದಲ್ಲಿ ಒಮ್ಮೆ ಮಕ್ಕಳೇ ತಾಪ ಅಳೆಯಲಿ.

ಮಾಸ್ತರ್:
ಇವತ್ತು ಅಳೆದೆವು ಮೇಡಂ. ಮೇಲೆ 38, ತಳದ ಕೆಸರಲ್ಲಿ 33. ಗೊದಮೊಟ್ಟೆ ಎಲ್ಲಾ ಕೆಸರಲ್ಲೇ ಕೂತಿದ್ದವು.